ಮರ್ಲ್ ಮುಟ್ಟುವ ಹೊತ್ತು

ಮರ್ಲ್ ಟ್ರೆವಾಸ್ಕಿಸ್ ಈಗ ಊರು ಬಿಟ್ಟು ಹೊರಡುವಾಗ ಪೊಲೀಸ್ ಠಾಣೆಯ ಕಿಟಕಿಗೆ ಸೈಕಲ್ ಒರಗಿಸಿ, ಒಳಗೆ ಕೂತ ಪೇದೆಗೆ ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ ಎಂದು ಎರಡೇ ಮಾತು ಹೇಳಿ ಹೊರಟುಬಿಡುತ್ತಾಳೆ. ಆ ಪೇದೆ ಕಡಲ ಕಡೆಯ ಪಟ್ಟಣದವನು, ಊರಲ್ಲಿ ಯಾರೊಂದಿಗೂ ಬಳಕೆಯಿಲ್ಲ, ಮಾತೂ ಕಡಿಮೆ. ಅದಕ್ಕೇ ಅವನಿಗೆ ಹೇಳುತ್ತಾಳೆ. ಮೊದಲು ಹೀಗಿರಲಿಲ್ಲ. ಮೊದಲು ಹೇಳಿ ಹೋಗುತ್ತಿದ್ದದ್ದು ಎರಡು ಮನೆ ಆಚೆಯ ನೋಲಾ ಹೆಗಾರ್ಟಿಗೆ.

ಹೇಳದೆ ಮರುಭೂಮಿಗೆ ಇಳಿಯುವುದು ನಮ್ಮ ಕಡೆ ಬರೀ ತಪ್ಪಲ್ಲ, ಪಾಪವೇ ಸರಿ. ಯಾರಾದರೂ ಒಬ್ಬರಿಗೆ ಗೊತ್ತಿರಬೇಕು. ಹೇಳಿದ ಹೊತ್ತಿಗೆ ನೀವು ಮುಟ್ಟದಿದ್ದರೆ ಆ ಒಬ್ಬರು ಫೋನ್ ಎತ್ತುತ್ತಾರೆ. ಆಮೇಲೆ ಹಟ್ಟಿಹಟ್ಟಿಯ ಜನ ಕೆಲಸ ಬಿಟ್ಟು ಗಾಡಿ ಹತ್ತುತ್ತಾರೆ, ಮೇಲೆ ವಿಮಾನ ಸುತ್ತುತ್ತದೆ. ಹೇಳದೆ ಹೋಗಿ ಬದುಕಿ ಬಂದವನನ್ನು ಪಬ್ಬಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಸತ್ತವನಿಗಾದರೆ ಒಂದಿಷ್ಟು ಮರ್ಯಾದೆ ಉಂಟು.

ಮರ್ಲ್ ಉಣ್ಣೆ ಕತ್ತರಿಸುವ ತಂಡಗಳಿಗೆ ಅಡುಗೆ ಮಾಡಿ ಆಯಸ್ಸು ಸವೆಸಿದವಳು. ತಂಡ ಒಂದು ಕುರಿಹಟ್ಟಿಯಿಂದ ಇನ್ನೊಂದಕ್ಕೆ ಹೋದರೆ, ಅವಳೂ ಹಂಡೆ ಹರಿವಾಣ ಕಟ್ಟಿಕೊಂಡು ಲಾರಿಯ ಹಿಂದೆ ಕೂತು ಹೋಗುತ್ತಿದ್ದಳು. ಬೆಳಗಾಗುವ ಮೊದಲೇ ಮಾಂಸ ಹುರಿಯಬೇಕು. ಕೊಟ್ಟಿಗೆಯ ಗಂಟೆ ಬಾರಿಸಿತೋ, ಚಹಾ ಮತ್ತು ಕೇಕು ಎದುರಿಗಿರಬೇಕು. ಮಧ್ಯಾಹ್ನದ ಊಟ, ಮತ್ತೆ ಚಹಾ, ರಾತ್ರಿಗೆ ಮತ್ತೆ ಕುರಿ, ಮತ್ತೆ ಆಲೂಗಡ್ಡೆ. ಆ ಗಂಡಸರಲ್ಲಿ ಅರ್ಧಕ್ಕರ್ಧ ಜನಕ್ಕೆ ಅವಳ ಹೆಸರೇ ಗೊತ್ತಿರಲಿಲ್ಲ. ಅಡುಗೆಯವಳು ಯಾರಾದರೇನು, ಎಲ್ಲರೂ ‘ಕುಕಿ’. ‘ಕುಕಿ, ಇವತ್ತೇನು?’ ‘ಕುಕಿ, ಎಷ್ಟು ಹೊತ್ತಿಗೆ?’ ಗಂಡ ಅಂತ ಒಬ್ಬನಿದ್ದ. ಅವನೂ ಅದೇ ಮೇಜಿನಲ್ಲಿ ತಟ್ಟೆ ಮುಂದೆ ಚಾಚುತ್ತಿದ್ದವರ ಪೈಕಿ. ಒಂದು ವರ್ಷ ಬೇರೆ ತಂಡ ಸೇರಿ ಪಶ್ಚಿಮಕ್ಕೆ ಹೋದವನು ಅಲ್ಲೇ ಬೇರು ಬಿಟ್ಟ. ಅವನು ಹೋದದ್ದು ಮರ್ಲ್‌ಗೆ ಮೊದಲು ತಿಳಿದದ್ದು ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಾದಾಗ.

ಸೊಂಟ ‘ಇನ್ನು ಸಾಕು’ ಎಂದ ಮೇಲೆ ಅವಳು ಜಂಕ್ಷನ್ನಿಗೆ ಬಂದು ನೆಲೆಸಿದಳು. ರೈಲು ನಿಂತು, ಹಳಿ ಕಿತ್ತು, ಹೆಸರು ಮಾತ್ರ ಉಳಿದ ಊರು ಇದು. ಒಂದು ಚಳಿಗಾಲ ಯಾರೋ ಜರ್ಮನಿಯವನು ದೇಶವನ್ನೇ ಸೈಕಲ್ಲಿನಲ್ಲಿ ದಾಟುತ್ತೇನೆಂದು ಬಂದು, ನಮ್ಮ ರಸ್ತೆಯ ಅಲೆಅಲೆ ಮಣ್ಣಿನ ಮೇಲೆ ಹಲ್ಲು ಕಟಕಟ ಅನ್ನಿಸಿಕೊಂಡು, ಸೋತು ಬಸ್ಸು ಹತ್ತಿದ. ಹೋಗುವಾಗ ಸೈಕಲ್ಲನ್ನು ಮರ್ಲ್ ಮನೆಯ ಬೇಲಿಗೆ ಒರಗಿಸಿ, ಅದರ ಮುಖ ಕೂಡ ನೋಡದೆ ಹೋದ. ಅವಳು ಮೊದಲು ಕಸದ ಗುಂಡಿಯವರೆಗೆ ತುಳಿದಳು. ಆಮೇಲೆ ಒಣಹೊಳೆಯವರೆಗೆ. ಆಮೇಲೆ ಹಾಸಿಗೆ ಸುತ್ತಿ ಕಟ್ಟಿಕೊಂಡು ಎರಡು ರಾತ್ರಿ ಹೊರಗೆ ಮಲಗಿ ಬಂದಳು. ಊರು ನಕ್ಕಿತು, ನಕ್ಕು ಸುಮ್ಮನಾಯಿತು.

ಜುಲೈ ಎಂದರೆ ನಮ್ಮ ಕಡೆ ನಡುಚಳಿ. ಆ ಜುಲೈನಲ್ಲಿ ಅವಳು ನೋಲಾಳ ಅಡುಗೆಮನೆಯಲ್ಲಿ ಕೂತು ಹೇಳಿದಳು:

“ನಾಳೆ ಡಾಲ್ಟನ್ನಿಗೆ ಹೊರಟಿದ್ದೀನಿ. ಸೈಕಲ್ಲಲ್ಲಿ.”

“ಒಂದೇ ದಿನದಲ್ಲಾ? ನಿನ್ನ ಮೊಣಕಾಲು ಏನನ್ನತ್ತೆ?”

“ಮೊಣಕಾಲನ್ನ ಕೇಳಿಲ್ಲ.”

ಡಾಲ್ಟನ್ ಎಂದರೆ ಒಂದು ಪಬ್ಬು, ಒಂದು ಪೆಟ್ರೋಲ್ ಪಂಪು, ನಾಲ್ಕು ಪೆಪ್ಪರ್ ಮರ. ಜಂಕ್ಷನ್ನಿನಿಂದ ನೂರು ಕಿಲೋಮೀಟರಿನ ಮೇಲಾಗುತ್ತದೆ. ನಡುವೆ ಕಲ್ಲುಹಾಸಿನ ಬಯಲು, ಉಪ್ಪುಗಿಡ, ಗಾಳಿ.

“ನಾಡಿದ್ದು ಮಧ್ಯಾಹ್ನದೊಳಗೆ ಅಲ್ಲಿಂದ ನಾನು ಫೋನ್ ಮಾಡದಿದ್ರೆ ಯಾರಿಗೆ ಬೇಕಾದ್ರೂ ಹೇಳು. ಅಲ್ಲೀವರೆಗೆ ನಿನ್ನ ಬಾಯಿಂದ ಉಸಿರು ಹೊರಗೆ ಬರಕೂಡದು.”

“ಅಯ್ಯೋ, ನಾನ್ಯಾರಿಗೆ ಹೇಳ್ಲಿ ಮಾರಾಯ್ತಿ?”

“ನೀನಾ? ಗಾಲಾ ಹೊತ್ತಿನಲ್ಲಿ ಬೆಳೆದ ಬಾಯಿ ಅದು.”

ನೋಲಾ ನಕ್ಕಳು. ಅವಳು ಹರೆಯದಲ್ಲಿ ದೂರದ ಹಟ್ಟಿಯೊಂದಕ್ಕೆ ಸೊಸೆಯಾಗಿ ಹೋದವಳು. ನೆರೆಮನೆಗೆ ಹೋಗಬೇಕೆಂದರೆ ಅರ್ಧ ದಿನದ ಪ್ರಯಾಣ. ಆ ಕಾಲದಲ್ಲಿ ದಿನಕ್ಕೊಂದು ಹೊತ್ತು, ಹಟ್ಟಿಗಳಿಂದ ಡಾಕ್ಟರನ್ನು ಕರೆಯಲು ಇದ್ದ ರೇಡಿಯೋವನ್ನು ಹಟ್ಟಿಯ ಹೆಂಗಸರ ಮಾತಿಗೆ ಬಿಟ್ಟುಕೊಡುತ್ತಿದ್ದರು. ಸಂಜೆ ನೀರಿನ ತೊಟ್ಟಿಗೆ ಇಳಿದು ಒಂದರ ಮೇಲೊಂದು ಕಿರುಚುವ ಗುಲಾಬಿ ಎದೆಯ ಗಾಲಾ ಗಿಣಿಗಳ ಹೆಸರನ್ನೇ ಆ ಹೊತ್ತಿಗೂ ಇಟ್ಟಿದ್ದರು. ಒಬ್ಬಳು ಇನ್ನೊಬ್ಬಳಿಗೆ ಹೇಳಿದ ಗುಟ್ಟನ್ನು ಅರ್ಧ ರಾಜ್ಯ ಕೇಳಿಸಿಕೊಳ್ಳುತ್ತಿತ್ತು. ಮರ್ಲ್ ಒಂದು ದಿನವೂ ಆ ರೇಡಿಯೋದಲ್ಲಿ ಬಾಯಿ ಬಿಟ್ಟವಳಲ್ಲ. ನೋಲಾ ಮುಚ್ಚಿದವಳಲ್ಲ. ಈಗ ಡಾಕ್ಟರ ರೇಡಿಯೋ ಹೋಗಿ ಗಾಡಿಗೊಂದು ರೇಡಿಯೋ ಬಂದಿದೆ. ಕಿರುಚಾಟ ಅದೇ.

“ಯಾಕೆ ಇಷ್ಟು ಗುಟ್ಟು?” ನೋಲಾ ಕೇಳಿದಳು.

ಮರ್ಲ್ ಚಹಾದ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಇಂಥ ಮಾತು ಆಡಿ ಅವಳಿಗೆ ಅಭ್ಯಾಸವಿರಲಿಲ್ಲ.

“ನನ್ನ ಜೀವಮಾನದಲ್ಲಿ ನನ್ನನ್ನ ಯಾರೂ ಕಾಯದೆ ಇದ್ದ ದಿನ ಅಂತ ಒಂದಿಲ್ಲ ನೋಲಾ. ಚಹಾ ಯಾವಾಗ, ಊಟ ಯಾವಾಗ, ಕುಕಿ ಎಲ್ಲಿ. ಒಂದು ದಿನ ಬೇಕು. ಬರೀ ಒಂದು. ನಾನೆಲ್ಲಿದ್ದೀನಿ ಅಂತ ಯಾರಿಗೂ ಗೊತ್ತಿರಬಾರದು. ಈ ಹೊತ್ತಿಗೆ ಬರ್ತಾಳೆ ಅಂತ ಯಾವನೂ ಗಡಿಯಾರ ನೋಡಬಾರದು.”

“ನನಗೆ ಗೊತ್ತಿರತ್ತಲ್ಲ.”

“ನೀನು ಲೆಕ್ಕಕ್ಕಿಲ್ಲ. ನೀನು ಅಂದ್ರೆ ನಾನೇ.”

ಆ ಮಾತಿಗೆ ನೋಲಾಳ ಕಣ್ಣು ಒಂದು ಕ್ಷಣ ತೇವವಾಯಿತು. ತೇವವಾದದ್ದು ಸುಳ್ಳಲ್ಲ. ಕೂಡಲೇ ತಮಾಷೆಗಿಳಿದಳು: “ನೀನು ಒಬ್ಬಳೇ ಇರೋದು! ಒಬ್ಬಳಿಗೆ ಅಂತ ಆಲೂಗಡ್ಡೆ ಸುಲಿಯೋಕೆ ಬರಲ್ಲ ನಿನಗೆ. ಮೊನ್ನೆ ನಮ್ಮಿಬ್ಬರಿಗೆ ಅಂತ ಬೇಯಿಸಿದ್ದನ್ನ ನನ್ನ ನಾಯಿಗಳು ವಾರ ಪೂರ್ತಿ ತಿಂದವು. ನೀನು ಒಂದೇ ಒಂದು ಆಲೂಗಡ್ಡೆ ಸುಲಿದು ಚಾಕು ಕೆಳಗಿಟ್ಟ ದಿನ, ಹೌದಮ್ಮಾ, ಮರ್ಲ್ ಒಬ್ಬಳೇ ಇದ್ದಾಳೆ ಅಂತ ನಂಬ್ತೀನಿ.”

“ಆಣೆ ಹಾಕು.”

ನೋಲಾ ತಾಯಿಯ ಕಾಲದ, ಮೂತಿ ಮುಕ್ಕಾದ ಟೀ ಪಾಟಿನ ಮೇಲೆ ಅಂಗೈ ಇಟ್ಟು ಆಣೆ ಹಾಕಿದಳು. ಅದಕ್ಕಿಂತ ದೊಡ್ಡ ಆಣೆ ಆ ಮನೆಯಲ್ಲಿ ಇರಲಿಲ್ಲ.

ಮರ್ಲ್ ಹೊರಟಾಗ ಇನ್ನೂ ಕತ್ತಲು. ಸೀಟಿನ ಮೇಲೆ ಮಂಜು ಗಟ್ಟಿಯಾಗಿ ಕೂತಿತ್ತು, ಕೈಯಿಂದ ಒರೆಸಿದರೆ ಉಗುರು ಸೇದಿತು. ಹಿಂದಿನ ಚೀಲದಲ್ಲಿ ಹಾಸಿಗೆ, ಕೆಟಲು, ಪುಟ್ಟ ಪಾತ್ರೆ, ಬ್ರೆಡ್ಡು, ಚೀಸು, ಒಂದು ಹಿಡಿ ಆಲೂಗಡ್ಡೆ. ಮುಂದೆ ನೀರು. ಊರಿನ ಕೊನೆಯ ನಾಯಿ ಬೊಗಳಿ ಹಿಂದುಳಿದ ಮೇಲೆ ಬರೀ ಚಕ್ರದ ಸದ್ದು.

ಸೂರ್ಯ ಹುಟ್ಟಿದಾಗ ಅವಳು ಹಳೆಯ ರೈಲುದಾರಿಯ ದಿಬ್ಬದ ಪಕ್ಕ ಸಾಗುತ್ತಿದ್ದಳು. ಬೆಳಕು ನೆಲಕ್ಕೆ ನೆಲವೇ ಹೊತ್ತಿಕೊಂಡಂತೆ ಬಂತು. ಅದುವರೆಗೆ ಕಪ್ಪಾಗಿ ಮಲಗಿದ್ದ ಕಲ್ಲುಗಳೆಲ್ಲ ಒಮ್ಮೆಗೇ ಕೆಂಪಾಗಿ ಎದ್ದು ಕೂತವು. ಪ್ರತಿಯೊಂದಕ್ಕೂ ಒಂದು ಮಾರುದ್ದದ ನೆರಳು. ಮರ್ಲ್‌ಳ ನೆರಳು ಮಾತ್ರ ಎಲ್ಲಕ್ಕಿಂತ ಉದ್ದ, ಬಯಲಿನ ಆ ತುದಿ ಮುಟ್ಟುವಂತೆ ಕಾಲು ಆಡಿಸುತ್ತಿತ್ತು. ಸತ್ತ ಕಾಂಗರೂ ಮೇಲೆ ಕೂತಿದ್ದ ದೊಡ್ಡ ಹದ್ದು ಲಾರಿ ಬಂದಾಗ ಎದ್ದು ದಾರಿ ಬಿಡುವಂತೆ ಅವಳಿಗೆ ಬಿಡಲಿಲ್ಲ. ತಲೆ ತಿರುಗಿಸಿ ನೋಡಿ, ಇವಳೇನು ಮಾಡಿಯಾಳು ಎಂಬಂತೆ ಮತ್ತೆ ಮಾಂಸಕ್ಕೆ ಬಾಯಿ ಹಾಕಿತು. ಮರ್ಲ್‌ಗೆ ಅದು ಬಹಳ ಹಿಡಿಸಿತು. “ತಿನ್ನವ್ವ, ತಿನ್ನು, ನಾನು ಬಡಿಸಿದ್ದಲ್ಲ” ಎಂದಳು. ಬಯಲಿನಲ್ಲಿ ತನ್ನ ದನಿ ತನಗೇ ಹೊಸದಾಗಿ ಕೇಳಿಸಿತು. ಹಾಡಿದಳು. ಹಾಡು ಬಾರದ ಕಡೆ ಬರೀ ರಾಗ ಎಳೆದಳು. ಹೊಟ್ಟೆ ಹಸಿಯಿತು. ಹಸಿಯಲಿ ಎಂದು ಬಿಟ್ಟಳು. ಹಸಿದಾಗ ತಿನ್ನದೆ ಇರುವ ಸುಖವೂ ಒಂದಿದೆ ಎಂದು ಅವಳಿಗೆ ಆ ದಿನ ಗೊತ್ತಾಯಿತು.

ಬಿಸಿಲು ಬೆನ್ನಿಗೆ ಹತ್ತುವ ಹೊತ್ತಿಗೆ ರಸ್ತೆ ಸಮ ಮಾಡುವ ಹಳದಿ ಯಂತ್ರ ಎದುರಾಯಿತು. ಅದನ್ನು ಓಡಿಸುವವನು ಕ್ಲಾರಿ ಡನ್‌ಸ್ಟನ್. ಹಿಂದೆ ಉಣ್ಣೆ ಕತ್ತರಿಸುತ್ತಿದ್ದವನು, ಮರ್ಲ್‌ಳ ಮೇಜಿನಲ್ಲಿ ವರ್ಷಗಟ್ಟಲೆ ಉಂಡವನು. ಯಂತ್ರ ಆರಿಸಿ, ನೆರಳಿನಲ್ಲಿ ಸಣ್ಣ ಬೆಂಕಿ ಹಾಕಿ ಕೂತಿದ್ದ.

“ಕುಕಿ! ಬಾ, ಬಾ. ಚಹಾ ಆಗಿದೆ.”

ಬೆಂಕಿಯ ಪಕ್ಕ ಎರಡು ಬಟ್ಟಲು ಇದ್ದವು. ಅದನ್ನು ಅವಳು ನೋಡಿದಳು, ನೋಡಿ ಏನೂ ಯೋಚಿಸಲಿಲ್ಲ.

ಕುಡಿದು ಎದ್ದರೆ ಕ್ಲಾರಿ ಬಿಡಲೊಲ್ಲ. ಒಂದು ಬಟ್ಟಲು ಮುಗಿದರೆ ಇನ್ನೊಂದು. ಸತ್ತ ನಾಯಿಯ ಕಥೆ, ತಂಗಿ ಮಗಳ ಮದುವೆಯ ಕಥೆ, ಅದೂ ಮುಗಿದ ಮೇಲೆ “ನಿನ್ನ ಮಡ್‌ಗಾರ್ಡು ಅಲ್ಲಾಡ್ತಿದೆ, ಬಿಗಿ ಮಾಡಿ ಕೊಡ್ತೀನಿ ತಾಳು” ಎಂದು ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರುಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿ ಕೆಳಗಿಟ್ಟ.

“ಕ್ಲಾರಿ, ನಟ್ಟಿಗಿಂತ ನಿನ್ನ ಕೈ ಸಡಿಲ ಆಗಿದೆ.”

“ಏನವಸರ ನಿನಗೆ? ಡಾಲ್ಟನ್ ಎಲ್ಲಿಗೂ ಎದ್ದು ಹೋಗಲ್ಲ.”

ಡಾಲ್ಟನ್ನಿಗೆ ಎಂದು ತಾನು ಹೇಳಲೇ ಇಲ್ಲವಲ್ಲ ಎಂದು ಅವಳಿಗೆ ಹೊಳೆದದ್ದು ಎಷ್ಟೋ ದೂರ ತುಳಿದ ಮೇಲೆ. ಈ ರಸ್ತೆ ಬೇರೆಲ್ಲಿಗೂ ಹೋಗುವುದಿಲ್ಲವಲ್ಲ ಎಂದು ತಾನೇ ಸಮಾಧಾನ ಹೇಳಿಕೊಂಡಳು.

ಹಟ್ಟಿಯ ಕವಲುದಾರಿಯಲ್ಲಿ, ಟಪಾಲು ಹಾಕುವ ಹಳೆಯ ಡ್ರಮ್ಮಿನ ಪಕ್ಕ, ಹೇಝಲ್ ಮೊಯ್ಸ್ ನಿಂತಿದ್ದಳು. ಆ ಹಟ್ಟಿಯ ಯಜಮಾನಿ ಅವಳು. ಅಡುಗೆಯವಳು ಸಕ್ಕರೆ ಹೆಚ್ಚು ಹಾಕುತ್ತಾಳೆಂದು ಡಬ್ಬಿಗೆ ಗೆರೆ ಎಳೆದಿಡುತ್ತಿದ್ದ ಹೆಂಗಸು. ಅಂಥವಳು ಆ ದಿನ ಬಟ್ಟೆ ಮುಚ್ಚಿದ ಸ್ಕೋನು ಎಂಬ ಬಿಸಿ ಬನ್ನುಗಳನ್ನು ಹಿಡಿದು ರಸ್ತೆಯ ನಡುವಿಗೇ ಬಂದಳು.

“ಇಳೀಬೇಡ, ಇಳೀಬೇಡ! ತುಳೀತಾನೇ ತಿನ್ನು. ಜಾಮ್ ಒಳಗೇ ಹಾಕಿದ್ದೀನಿ.”

“ನಾನು ಬರ್ತೀನಿ ಅಂತ ನಿನಗೆ—”

“ಟಪಾಲು ನೋಡೋಕೆ ಬಂದಿದ್ದೆ. ಹೋಗು ಹೋಗು, ಮಧ್ಯಾಹ್ನದ ಮೇಲೆ ಎದುರುಗಾಳಿ ಏಳತ್ತೆ. ಈಗಲೇ ದಾರಿ ಹೊಡ್ಕೋ!” ಎಂದು ಹಿಂದಿನಿಂದ ಸೀಟಿಗೆ ಕೈಕೊಟ್ಟು ನೂಕಿಯೂ ಬಿಟ್ಟಳು.

ಮರ್ಲ್ ಸ್ಕೋನು ಕಚ್ಚಿದಳು. ಅದು ಗಟ್ಟಿಯಾಗಿತ್ತು, ಉಪ್ಪೂ ಹೆಚ್ಚು. ಆದರೂ ಚೂರೂ ಬಿಡದೆ ತಿಂದಳು. ತನ್ನ ಕೈಯಿಂದ ತಿಂದವರು ಲೆಕ್ಕವಿಲ್ಲದಷ್ಟು, ತನಗೆಂದು ಬೇಯಿಸಿ ದಾರಿಯಲ್ಲಿ ನಿಂತವರು ಯಾರು? ಜನರ ಬಗ್ಗೆ ತಾನು ಇಷ್ಟು ಬಿಗಿಯಾಗಬಾರದಿತ್ತು ಎನಿಸಿತು. ಯಾರಿಗೂ ಗೊತ್ತಿರಬಾರದು ಅಂತ ಹಟ ಹಿಡಿದು ಹೊರಟವಳಿಗೆ, ದಾರಿಯಲ್ಲಿ ಅಕಸ್ಮಾತ್ತಾಗಿ ಸಿಕ್ಕವರು ಇಷ್ಟು ಮಾಡಿದರು. ಅಕಸ್ಮಾತ್ತಾಗಿ ಸಿಕ್ಕದ್ದು ಹೊರೆಯಲ್ಲ, ಉಡುಗೊರೆ. ಈ ಮಾತನ್ನು ನೋಲಾಗೆ ಹೇಳಬೇಕು, ಹೇಝಲ್ ಸ್ಕೋನಿನಲ್ಲಿ ಗೋಡೆ ಕಟ್ಟಬಹುದು ಅನ್ನುವುದನ್ನೂ ಸೇರಿಸಿ ಹೇಳಬೇಕು ಎಂದು ಮನಸ್ಸಿನಲ್ಲೇ ಗಂಟು ಹಾಕಿಟ್ಟುಕೊಂಡಳು. ಹಾಗೆ ಅಂದುಕೊಂಡು ಮತ್ತೆ ಹಾಡು ಎತ್ತಿಕೊಂಡಾಗ ಬೇಲಿಯ ಪಕ್ಕದ ದನಗಾಹಿಗಳ ದಾರಿಯಲ್ಲಿ ದೂರದಲ್ಲಿ ಒಂದು ಗಾಡಿಯ ಧೂಳು ಎದ್ದು ಡಾಲ್ಟನ್ ಕಡೆಗೆ ಓಡಿತು. ಯಾರೋ ದನ ಕೂಡಿಸಲು ಹೊರಟಿರಬೇಕು ಎಂದುಕೊಂಡಳು.

ಹಿಂದೆ ರೈಲು ಪಕ್ಕಕ್ಕೆ ನಿಲ್ಲುತ್ತಿದ್ದ, ಈಗ ಪಾಳುಬಿದ್ದ ಸೈಡಿಂಗಿನಲ್ಲಿ ನಿಂತು ಬ್ರೆಡ್ಡು ಚೀಸು ತಿಂದಳು. ಹಳೆಯ ತಗಡಿನ ತೊಟ್ಟಿಯಲ್ಲಿ ಮಳೆನೀರಿತ್ತು. ಬೇಕೋ ಬೇಡವೋ, ನೀರು ಕಂಡಲ್ಲಿ ಇದ್ದಬದ್ದ ಪಾತ್ರೆಯೆಲ್ಲ ತುಂಬಿಸುವುದು ಅಡುಗೆಯವಳ ಕೈಗುಣ. ತುಂಬಿಸಿದಳು.

ಹೇಝಲ್ ಹೇಳಿದ ಗಾಳಿ ಸುಳ್ಳಾಗಲಿಲ್ಲ. ಎದೆಗೆ ಕೈ ಕೊಟ್ಟು ತಡೆದಂತೆ ಬೀಸಿತು. ರಸ್ತೆಯ ಅಲೆಗಳು ಮೂಳೆಮೂಳೆಯನ್ನೂ ಕೀಲಿನಿಂದ ಕೀಳುವಂತೆ ಕುಣಿಸಿದವು. ಮೊಣಕಾಲು ಈಗ ಕೇಳದಿದ್ದರೂ ಹೇಳತೊಡಗಿತು. ಅಷ್ಟು ಸಾಲದೆಂದು ಮೂರು ಮೊನೆಯ ಮುಳ್ಳೊಂದು ಹಿಂದಿನ ಚಕ್ರಕ್ಕೆ ಹೊಕ್ಕು ಗಾಳಿ ಪೂರ ಇಳಿಯಿತು.

ಅವಳು ಚಕ್ರ ಬಿಚ್ಚಿ ನೆಲದ ಮೇಲೆ ಕೂತು ಟ್ಯೂಬ್ ಎಳೆಯುತ್ತಿದ್ದಾಗ ಹೇಝಲ್‌ಳ ಗಾಡಿ ಬಂದು ಕಿರ್ರೆಂದು ನಿಂತಿತು.

“ಅಯ್ಯೋ, ಪಂಚರಾ! ಬಿಡು ಅದನ್ನ, ಹೊಸ ಟ್ಯೂಬ್ ತಂದಿದ್ದೀನಿ. ದೊಡ್ಡ ಪಂಪೂ ಇದೆ. ಎರಡು ನಿಮಿಷದಲ್ಲಿ ಕಳಿಸಿಬಿಡ್ತೀನಿ ನಿನ್ನ.”

ಹೇಝಲ್ ಗಾಡಿಯಲ್ಲಿ ಸೈಕಲ್ ಟ್ಯೂಬ್ ಯಾಕಿದೆ ಎಂದು ಮರ್ಲ್ ಕೇಳುವ ಮೊದಲೇ ಇನ್ನೊಂದು ಗಾಡಿ ಬಂದು ನಿಂತಿತು. ಕ್ಲಾರಿ ಇಳಿದು ಓಡೋಡಿ ಬಂದ.

“ಆ ಟ್ಯೂಬ್ ಮುಟ್ಟಬೇಡ ಹೇಝಲ್! ಅವಳ ಸೈಕಲ್, ಅವಳೇ ತೇಪೆ ಹಾಕ್ಲಿ. ಅಂಟು ಚೆನ್ನಾಗಿ ಒಣಗ್ಬೇಕು.”

“ಅಂಟು ಒಣಗ್ಬೇಕಂತೆ! ನಿನ್ನ ಹೊತ್ತು ಬರೋವರೆಗೆ ಒಣಗ್ಬೇಕು, ಅಲ್ವಾ?”

“ಬೆಳಿಗ್ಗೆ ಸ್ಕೋನು ಕೊಟ್ಟೋಳು ಯಾರು? ಅದು ಮೋಸ ಅಲ್ವಾ? ಎಂಜಿನ್ನಿಗೆ ಪೆಟ್ರೋಲ್ ಹಾಕಿದ ಹಾಗೆ!”

“ಮತ್ತೆ ನೀನು ಅವಳನ್ನ ಕೂರಿಸ್ಕೊಂಡು ಸತ್ತ ನಾಯಿ ಕಥೆ ಹೇಳಿದ್ದು? ರೇಡಿಯೋದಲ್ಲಿ ಎಲ್ಲಾರೂ ಬೈತಿದ್ರು. ನನ್ನ ಚೀಟಿ ನಾಲ್ಕಕ್ಕೆ ಕಣಯ್ಯ, ನಾಲ್ಕಕ್ಕೆ! ನೀನು ಅಡ್ಡ ಬರದೆ ಇದ್ದಿದ್ರೆ ಈಗಾಗಲೇ—”

ಇಬ್ಬರೂ ಒಟ್ಟಿಗೆ ಕೆಳಗೆ ನೋಡಿದರು. ಮರ್ಲ್ ಮಣ್ಣಿನಲ್ಲಿ ಕೂತು, ಟ್ಯೂಬನ್ನು ಮಡಿಲಲ್ಲಿಟ್ಟುಕೊಂಡು, ಒಬ್ಬರಾದ ಮೇಲೆ ಒಬ್ಬರ ಮುಖ ನೋಡುತ್ತಿದ್ದಳು.

“ಯಾವ ಚೀಟಿ?”

ಕ್ಲಾರಿ ಟೋಪಿ ತೆಗೆದು ತಲೆ ಕೆರೆದ. “ತಮಾಷೆಗೆ ಕುಕಿ. ಡಾಲ್ಟನ್ ಪಬ್ಬಿನಲ್ಲಿ ಒಂದು ಪಂದ್ಯ ಕಟ್ಟಿದ್ದಾರೆ. ನೀನು ಎಷ್ಟು ಹೊತ್ತಿಗೆ ಮುಟ್ತೀಯ ಅಂತ. ಒಬ್ಬೊಬ್ಬರು ಒಂದೊಂದು ಹೊತ್ತಿನ ಚೀಟಿ ಎತ್ತಿದ್ದಾರೆ. ಮುಂದಿನ ಚಕ್ರ ಜಗಲಿ ಮೆಟ್ಟಿಲಿಗೆ ತಾಗಿದ ಹೊತ್ತು. ಗೆದ್ದೋರಿಗೆ ಕುರಿಮಾಂಸದ ತಟ್ಟೆ. ನನ್ನದು ಸೂರ್ಯ ಮುಳುಗೋ ಮುಂಚಿನ ಹೊತ್ತು.”

“ಯಾರು ಹೇಳಿದ್ದು ನಾನು ಹೊರಟಿದ್ದೀನಿ ಅಂತ?”

ಉತ್ತರ ಬಂದದ್ದು ಕ್ಲಾರಿಯ ಗಾಡಿಯೊಳಗಿನ ರೇಡಿಯೋದಿಂದ. ‘ಯಾರಾದ್ರೂ ನೋಡಿದ್ರಾ ಮುದುಕಿನ? ಎಲ್ಲಿದ್ದಾಳೆ? ಓವರ್’ ಎಂದು ಒಂದು ಗಂಡುದನಿ ಕೇಳಿತು. ಇನ್ಯಾರೋ ನಕ್ಕರು. ಆಮೇಲೆ ಮರ್ಲ್‌ಗೆ ತನ್ನ ಉಸಿರಿನಷ್ಟೇ ಪರಿಚಯದ ಹೆಣ್ಣುದನಿಯೊಂದು ಬಂತು: ‘ಇಷ್ಟೊತ್ತಿಗೆ ಸೈಡಿಂಗ್ ದಾಟಿರ್ತಾಳೆ, ನಾನು ಬೇಲಿ ದಾರಿಯಿಂದ ಬರೋವಾಗ ಹೇಝಲ್ ಕವಲಿನ ಹತ್ರ ನೋಡಿದ್ದೆ. ಹಾಡ್ತಾ ಹೋಗ್ತಿದ್ಲು ಪಾಪ, ಓವರ್.’

ಮರ್ಲ್ ಟ್ಯೂಬನ್ನು ನಿಧಾನವಾಗಿ ಮಡಿಚಿದಳು.

“ನೋಲಾ ಯಾವ ಹೊತ್ತಿನ ಚೀಟಿ ಎತ್ತಿದ್ದಾಳೆ?”

ಕ್ಲಾರಿ ತನ್ನ ಬೂಟಿನ ತುದಿ ನೋಡಿದ. ಹೇಝಲ್‌ಗೆ ಬೂಟು ನೋಡುವ ಅಭ್ಯಾಸವಿರಲಿಲ್ಲ, ಅವಳೇ ಹೇಳಿದಳು: “ಮುಟ್ಟಲ್ಲ ಅನ್ನೋ ಚೀಟಿ.”

ಮರ್ಲ್‌ಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಬೆಳಗಿನ ಹಾಡು ನೆನಪಾಯಿತು. ಹದ್ದಿಗೆ ಆಡಿದ ಮಾತು ನೆನಪಾಯಿತು. ಅದನ್ನೂ ಯಾರಾದರೂ ನೋಡಿ ರೇಡಿಯೋದಲ್ಲಿ ಹೇಳಿ ನಕ್ಕರೇನೋ. ಎಲ್ಲಕ್ಕಿಂತ ಆ ಸ್ಕೋನನ್ನು ಚೂರೂ ಬಿಡದೆ ತಿಂದದ್ದು ಅವಳನ್ನು ಸುಟ್ಟಿತು. ನಾಲ್ಕು ಗಂಟೆಯ ಚೀಟಿಗೆ ಕೊಟ್ಟ ಮೇವನ್ನು ಪ್ರೀತಿ ಎಂದು ನುಂಗಿದ್ದಳು.

ಹೇಝಲ್‌ಳ ಟ್ಯೂಬೂ ಬೇಡ, ಕ್ಲಾರಿಯ ಕೈಯೂ ಬೇಡ ಎಂದು ತಾನೇ ತೇಪೆ ಹಾಕಿದಳು. ಅಂಟು ಒಣಗುವವರೆಗೆ ಕಾದಳು. ಆ ಇಬ್ಬರೂ ಗಾಡಿಗಳ ನೆರಳಿನಲ್ಲಿ ಬೈಸಿಕೊಂಡ ಮಕ್ಕಳಂತೆ ನಿಂತಿದ್ದರು. “ಲಿಫ್ಟ್ ಬೇಕಾ ಕುಕಿ?” ಎಂದು ಕ್ಲಾರಿ ಕೇಳಿದ. “ನನ್ನ ಹೆಸರು ಮರ್ಲ್” ಎಂದಳು. ಅಷ್ಟು ವರ್ಷ ಅವಳ ಕೈಯಡುಗೆ ಉಂಡ ಮನುಷ್ಯ ಆ ಹೆಸರನ್ನು ಮೊದಲ ಸಲ ಕೇಳಿದವನಂತೆ ತಲೆ ಆಡಿಸಿದ.

ಅಲ್ಲಿಂದ ಡಾಲ್ಟನ್ನಿನವರೆಗೆ ಅವಳು ಒಂದೇ ವಿಷಯವನ್ನು ಮೆಟ್ಟಿ ಮೆಟ್ಟಿ ಯೋಚಿಸಿದಳು. ಬೇಗ ಹೋದರೆ ಒಬ್ಬರ ಚೀಟಿ, ತಡವಾಗಿ ಹೋದರೆ ಇನ್ನೊಬ್ಬರದು. ಹೋಗದೆ ಇಲ್ಲೇ ಉಪ್ಪುಗಿಡದ ಮರೆಯಲ್ಲಿ ಮಲಗಿಬಿಟ್ಟರೆ ಹುಡುಕಾಟ ಏಳುತ್ತದೆ, ಆ ಪಾಪ ತನ್ನ ತಲೆಗೆ. ದಿನದ ಒಂದೊಂದು ಹೊತ್ತನ್ನೂ ಯಾರೋ ಹಂಚಿಕೊಂಡಾಗಿತ್ತು. ತನಗೆಂದು ಬೇಡಿದ ಒಂದು ದಿನದಲ್ಲಿ ಅವಳ ಪಾಲಿಗೆ ಒಂದು ಗಳಿಗೆಯೂ ಉಳಿದಿರಲಿಲ್ಲ.

ಪೆಪ್ಪರ್ ಮರಗಳು ಕಂಡಾಗ ಬಿಸಿಲು ಓರೆಯಾಗಿ ಹಳದಿಗೆ ತಿರುಗಿತ್ತು. ಪಬ್ಬಿನ ಜಗಲಿಯ ತುಂಬ ಜನ. ಸುತ್ತಲಿನ ಹಟ್ಟಿಗಳೆಲ್ಲ ಖಾಲಿಯಾಗಿ ಬಂದಂತಿತ್ತು. ಹೇಝಲ್ ಮತ್ತು ಕ್ಲಾರಿ ಮುಂಚೆಯೇ ಬಂದು ಹಿಂದಿನ ಸಾಲಿನಲ್ಲಿ ಅಡಗಿದ್ದರು. ಮರ್ಲ್ ಕಾಣಿಸಿದ್ದೇ ಕೂಗಾಟ ಎದ್ದಿತು.

“ತುಳಿ ಕುಕಿ ತುಳಿ! ಇನ್ನೊಂದು ನಿಮಿಷ ಇದೆ!”

“ನಿಧಾನ! ಉಸಿರು ತಗೋ ಮಾರಾಯ್ತಿ! ನಿಧಾನ!”

“ಲೇ, ದಾರಿ ಬಿಡ್ರೋ, ಮೆಟ್ಟಿಲು ಕಾಣ್ಲಿ!”

ನೋಲಾ ಮೆಟ್ಟಿಲಿನ ಮೇಲೇ ನಿಂತಿದ್ದಳು, ಹಸಿರು ಕಾರ್ಡಿಗನ್ ಹಾಕಿಕೊಂಡು. ಮರ್ಲ್ ಬಂದಳು, ಮೆಟ್ಟಿಲಿಗೆ ಇನ್ನೊಂದು ಗೇಣು ಇದೆ ಎನ್ನುವಾಗ ಬ್ರೇಕು ಒತ್ತಿ ಕಾಲೂರಿದಳು. ಕೂಗು ಒಂದೊಂದಾಗಿ ನಿಂತಿತು.

“ನಿನ್ನ ಚೀಟಿ ಯಾವುದು ನೋಲಾ?”

“ಒಳಗೆ ಬಾ ಮೊದಲು. ಸುಸ್ತಾಗಿದೀಯ. ಆಮೇಲೆ ಮಾತಾಡೋಣ.”

“ಯಾವುದು?”

“ಅದು… ಅದೊಂದು ಉಳಿದಿತ್ತು ಕಣೇ. ಬೇರೆ ಯಾರಾದ್ರೂ ಎತ್ಕೊಂಡು ನಿನ್ನ ಮೇಲೆ ನಗ್ತಾರಲ್ಲ ಅಂತ ನಾನೇ ಎತ್ಕೊಂಡೆ. ನಿನಗೋಸ್ಕರ.”

“ಟೀ ಪಾಟಿನ ಮೇಲೆ ಕೈಯಿಟ್ಟಿದ್ದೆ.”

“ಹೆದರಿಕೆ ಆಯ್ತು ಮರ್ಲ್. ಬೆಳಿಗ್ಗೆ ಎದ್ದು ನೋಡ್ತೀನಿ, ನಿನ್ನ ಮನೆ ದೀಪ ಇಲ್ಲ. ಎದೆ ಧಸಕ್ ಅಂತು. ಕ್ಲಾರಿಗೆ ಮಾತ್ರ ಹೇಳಿಡೋಣ, ಒಂದು ಕಣ್ಣಿಟ್ಟಿರ್ಲಿ ಅಂತ…”

“ಕ್ಲಾರಿಗೆ ಮಾತ್ರ. ರೇಡಿಯೋದಲ್ಲಿ.”

ಹಿಂದಿನಲ್ಲಿ ಯಾರೋ ನಗಲು ಹೋಗಿ ಕೆಮ್ಮಿದರು.

“ಹೆದರಿ ಹೇಳಿದ್ದು ಅಂದ್ರೆ ನುಂಗ್ಕೋತಿದ್ದೆ,” ಮರ್ಲ್ ಹೇಳಿದಳು. ಅವಳ ದನಿ ಏರಲಿಲ್ಲ. “ಚೀಟಿ ಎತ್ತಿದ್ದು ಯಾವ ಹೆದರಿಕೆಗೆ?”

ನೋಲಾ ಕಾರ್ಡಿಗನ್ನಿನ ಗುಂಡಿಯೊಂದನ್ನು ಬಿಚ್ಚಿ, ಮತ್ತೆ ಹಾಕಿದಳು.

ಮರ್ಲ್ ಸೈಕಲ್ಲನ್ನು ಒಂದು ಹೆಜ್ಜೆ ಹಿಂದೆ ಎಳೆದು ಮುಂದಿನ ಚಕ್ರ ತಿರುಗಿಸಿದಳು. “ಗೆದ್ದೆ ಬಿಡು. ನಾನು ಮುಟ್ಟಲಿಲ್ಲ. ಎಲ್ಲಾರೂ ನೋಡಿದ್ದಾರೆ, ಬದುಕಿದ್ದೀನಿ, ಯಾರೂ ಹುಡುಕೋ ಹಾಗಿಲ್ಲ. ತಟ್ಟೆ ತಗೊಂಡು ಮನೆಗೆ ಹೋಗು.”

ಜಗಲಿಯ ಮುಂದಿನಿಂದಲೇ, ಅಷ್ಟೂ ಮುಖಗಳ ಎದುರಿಗೇ, ಅವಳು ಪಡುವಣದ ಕಡೆಗೆ ತುಳಿದು ಹೋದಳು. ಯಾರೂ ಕರೆಯಲಿಲ್ಲ. ಆಮೇಲೆ ಪಬ್ಬಿನ ಯಜಮಾನ ಮಾಂಸದ ತಟ್ಟೆಯನ್ನು ತಂದು ನೋಲಾಳ ಕೈಗೆ ಕೊಟ್ಟನಂತೆ. ಗೆದ್ದವರಿಗೆ ಚಪ್ಪಾಳೆ ತಟ್ಟುವುದು ಅಲ್ಲಿನ ಪದ್ಧತಿ. ಆ ದಿನ ತಟ್ಟಿದವರಿಲ್ಲ. ಗೆದ್ದವಳು ತಟ್ಟೆ ಹಿಡಿದುಕೊಂಡು, ಇಡುವುದೆಲ್ಲಿ ಎಂದು ತಿಳಿಯದೆ, ಬಹಳ ಹೊತ್ತು ಅಲ್ಲೇ ನಿಂತಿದ್ದಳಂತೆ.

ಪಬ್ಬು ಕಣ್ಣಿಗೆ ಮರೆಯಾದ ಮೇಲೆ ಒಂದು ಒಣಹೊಳೆ ಬರುತ್ತದೆ. ಮರ್ಲ್ ಅಲ್ಲಿ ದಾರಿ ಬಿಟ್ಟು ಇಳಿದು, ಮರಳಿನಲ್ಲಿ ಸೈಕಲ್ ಮಲಗಿಸಿದಳು. ಸೂರ್ಯ ನೆಲಕ್ಕೆ ತಾಗಿ ಒಡೆದು ಹರಡಿದ್ದ. ಒಣಕಡ್ಡಿ ಕೂಡಿಸಿ ಬೆಂಕಿ ಮಾಡಿದಳು. ಸೈಡಿಂಗಿನ ನೀರು ಕೆಟಲಿಗೆ ಸುರಿದಳು. ಅಳು ಬಂತು. ಯಾರೂ ಇಲ್ಲವಲ್ಲ ಎಂದು ಅತ್ತಳು. ಅತ್ತು ಮೂಗು ಒರೆಸಿಕೊಂಡು ಆಲೂಗಡ್ಡೆಯ ಚೀಲ ಬಿಚ್ಚಿದಳು.

ಆಗ ರಸ್ತೆಯ ಮೇಲೆ ಗಾಡಿಯೊಂದರ ಸದ್ದಾಯಿತು. ನಿಧಾನವಾಗಿ ಬಂದು, ಹೊಳೆಯ ಆಚೆ ದಡದಲ್ಲೇ ನಿಂತು, ದೀಪ ಆರಿಸಿತು. ಬಾಗಿಲು ತೆರೆದ ಸದ್ದು. ಮುಚ್ಚಿದ ಸದ್ದು ಬರಲಿಲ್ಲ, ನೋಲಾಳ ದನಿ ಬಂತು.

“ಮರ್ಲ್? ಹೊಗೆ ಕಾಣಿಸ್ತು ಕಣೇ. ಆ ತಟ್ಟೇಲಿದ್ದ ಕುರಿ ಚಾಪ್ಸ್ ತಂದಿದ್ದೀನಿ. ನಿನ್ನ ಹತ್ರ ಬರೀ ಬ್ರೆಡ್ಡು ಇರತ್ತೆ ಅಂತ…”

ಮರ್ಲ್ ಚಾಕು ತೆಗೆದು ಒಂದು ಆಲೂಗಡ್ಡೆ ಸುಲಿದಳು. ಸಿಪ್ಪೆ ಎಲ್ಲೂ ತುಂಡಾಗದೆ ಸುರುಳಿಯ ಹಾಗೆ ಮರಳಿಗೆ ಇಳಿಯಿತು.

“ಮರ್ಲ್, ಬೈಯಿ ಬೇಕಾದ್ರೆ. ಏನಾದ್ರೂ ಅನ್ನು.”

ಸುಲಿದದ್ದನ್ನು ಪಾತ್ರೆಗೆ ಹಾಕಿದಳು. ಕೈ ತಾನಾಗಿ ಚೀಲಕ್ಕೆ ಹೋಗಿ ಎರಡನೆಯದನ್ನು ಹಿಡಿದು ಮೇಲೆತ್ತಿತು. ಅವಳು ಅದನ್ನು ಬೆಂಕಿಯ ಬೆಳಕಿನಲ್ಲಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ವಾಪಸು ಹಾಕಿ, ಚೀಲದ ಬಾಯಿ ಕಟ್ಟಿ, ಚಾಕು ಕೆಳಗಿಟ್ಟಳು.